ರೈಲು ಮುರಿಯದ ಹಾಗೆ: ಎರಡು ಮಾನಿಟರಿನಲ್ಲಿ ಒಂದೇ ದೃಶ್ಯ

ನನ್ನ ಮೇಜಿನ ಮೇಲೆ ಎರಡು 24 ಇಂಚಿನ ಮಾನಿಟರ್ ಇವೆ. ಅವುಗಳೊಳಗೆ ಒಂದು ಕಣಿವೆ, ಕಣಿವೆಗೆ ಅಡ್ಡಲಾಗಿ ಕಬ್ಬಿಣದ ಸೇತುವೆ, ಸೇತುವೆ ಮೇಲೊಂದು ಗೂಡ್ಸ್ ರೈಲು. ಎಡಗಡೆಯ ಮಾನಿಟರಿನಲ್ಲಿ ಹೊರಟು ಬಲಗಡೆಯದರಲ್ಲಿ ಮರೆಯಾಗುತ್ತದೆ. ಬಿಡುವಿದ್ದಾಗಲೆಲ್ಲ ಕೂತು ಯೂನಿಟಿ ಅನ್ನುವ ಗೇಮ್ ಮಾಡುವ ತಂತ್ರಾಂಶದಲ್ಲಿ ಮಾಡಿಕೊಂಡಿದ್ದು. ಮೊದಲ ಸಲ ಓಡಿಸಿದಾಗ ಮಗಳನ್ನು ಕರೆದು ತೋರಿಸಿದೆ. ಒಂದು ನಿಮಿಷ ನೋಡಿದಳು. "ಅಮ್ಮಾ, ನಿನ್ನ ರೈಲು ಮಧ್ಯಕ್ಕೆ ಬಂದಾಗ ಉದ್ದ ಆಗುತ್ತೆ, ದಾಟಿದ ಮೇಲೆ ಮತ್ತೆ ಗಿಡ್ಡ ಆಗುತ್ತೆ" ಅಂದಳು. ಸರಿಯಾಗೇ ಹೇಳಿದ್ದಳು. ಸೇತುವೆಯ ಓರೆ ಕಂಬಿಗಳೂ ನಡುವೆ ಮುರಿದು ಒಂದಕ್ಕೊಂದು ಕೂಡದೆ ನಿಂತಿದ್ದವು.

ನಾನು ಮಾಡಿದ ತಪ್ಪು ಇಷ್ಟೇ. ಎರಡು ಚಿತ್ರಗಳನ್ನು ಪಕ್ಕಪಕ್ಕ ಅಂಟಿಸಲು ಹೊರಟಿದ್ದೆ. ಕಿಟಕಿ ಹತ್ತಿರ ನಿಂತು ಹೊರಗೆ ನೋಡಿ. ಕಂಬಿಯ ಹಿಂದೆ ಒಬ್ಬರು ನಡೆದು ಹೋಗುತ್ತಾರೆ. ಕಂಬಿ ಅವರನ್ನು ಒಂದು ಕ್ಷಣ ಮರೆ ಮಾಡುತ್ತದೆ, ಎರಡು ತುಂಡು ಮಾಡಿ ದೂರ ತಳ್ಳುವುದಿಲ್ಲ. ಎರಡು ಮಾನಿಟರಿನ ನಡುವಿನ ಕಪ್ಪು ಪಟ್ಟಿಯೂ ಹಾಗೇ ಕಿಟಕಿ ಕಂಬಿಯಾಗಬೇಕು. ಅದರ ಹಿಂದೆಯೂ ಕಣಿವೆ ಇದೆ, ನಮಗೆ ಕಾಣುವುದಿಲ್ಲ ಅಷ್ಟೇ. ಇಷ್ಟು ತಲೆಗೆ ಹೋದ ಮೇಲೆ ಉಳಿದದ್ದು ಟೇಪು ಹಿಡಿದು ಅಳೆಯುವ ಕೆಲಸ.

ಮೊದಲು ಮೇಜಿನ ಮೇಲಿನ ಕೆಲಸ ಮುಗಿಸೋಣ. ಎರಡೂ ಒಂದೇ ಮಾಡೆಲ್ ಆಗಿದ್ದರೆ ಅರ್ಧ ತಲೆನೋವು ಕಡಿಮೆ. ಬೇರೆ ಬೇರೆ ಆದರೂ ನಡೆಯುತ್ತದೆ, ಆದರೆ ಪರದೆಯ ಎತ್ತರ ಮತ್ತು ಪಿಕ್ಸೆಲ್ ಸಂಖ್ಯೆಯಾದರೂ ಒಂದೇ ಇರಲಿ. ಎರಡರ ರಿಫ್ರೆಶ್ ರೇಟ್ ಕೂಡ, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸುತ್ತದೆ ಅನ್ನುವುದು ಕೂಡ, ಒಂದೇ ಇಡಿ. ಒಂದು 144 ಹರ್ಟ್ಸ್, ಇನ್ನೊಂದು 60 ಹರ್ಟ್ಸ್ ಇದ್ದರೆ ರೈಲು ಒಂದು ಕಡೆ ಜಾರಿಕೊಂಡು ಹೋಗಿ ಇನ್ನೊಂದು ಕಡೆ ತಡವರಿಸುತ್ತದೆ. ಸೆಟ್ಟಿಂಗಿನ ಪಟ್ಟಿಯಲ್ಲಿ ಒಂದಕ್ಕೆ 60, ಇನ್ನೊಂದಕ್ಕೆ 59.94 ಅಂತ ಕಂಡರೂ ಬಿಡಬೇಡಿ, ಎರಡನ್ನೂ ಒಂದಕ್ಕೇ ತನ್ನಿ.

ಬಣ್ಣದ ವಿಷಯದಲ್ಲಿ ನಾನು ಒಂದು ಇಡೀ ಸಂಜೆ ಹಾಳು ಮಾಡಿಕೊಂಡೆ. ಬಲಗಡೆ ಆಕಾಶ ಪೇಲವವಾಗಿ, ಸುರಂಗದೊಳಗಿನ ಕತ್ತಲು ಬೂದಿ ಬಣ್ಣವಾಗಿ ಕಾಣುತ್ತಿತ್ತು. ಬ್ರೈಟ್‌ನೆಸ್ ತಿರುಗಿಸಿದೆ, ಕಾಂಟ್ರಾಸ್ಟ್ ತಿರುಗಿಸಿದೆ, ಮಾನಿಟರನ್ನೇ ಬೈದೆ. ಕೊನೆಗೆ ನೋಡಿದರೆ ತಪ್ಪು ಕೇಬಲ್ ಕಡೆಯದು. ಎಡಗಡೆಗೆ ಡಿಸ್‌ಪ್ಲೇಪೋರ್ಟ್, ಬಲಗಡೆಗೆ ಎಚ್‌ಡಿಎಂಐ ಹಾಕಿದ್ದೆ. ಎಚ್‌ಡಿಎಂಐ ಮೂಲಕ ಹೋಗುವಾಗ ಕೆಲವೊಮ್ಮೆ ಗ್ರಾಫಿಕ್ಸ್ ಕಾರ್ಡ್ ಎದುರಿಗಿರುವುದು ಟಿವಿ ಅಂದುಕೊಂಡು, ಬಣ್ಣವನ್ನು 0ಯಿಂದ 255ರವರೆಗೆ ಕಳಿಸುವ ಬದಲು 16ರಿಂದ 235ರವರೆಗೆ ಮಾತ್ರ ಕಳಿಸುತ್ತದೆ. ಡ್ರೈವರ್ ಸೆಟ್ಟಿಂಗಿನಲ್ಲಿ ಅದನ್ನು ಫುಲ್ ರೇಂಜ್ ಮಾಡಿದೆ, ಕತ್ತಲು ಕತ್ತಲಾಯಿತು. ಎರಡಕ್ಕೂ ಒಂದೇ ಥರದ ಕೇಬಲ್ ಹಾಕಿದರೆ ಈ ರಗಳೆಯೇ ಇಲ್ಲ. ಆಮೇಲೆ ಎರಡರಲ್ಲೂ ಕಲರ್ ಟೆಂಪರೇಚರ್ 6500ಕ್ಕೆ ಇಟ್ಟು, ಅರ್ಧ ಗಂಟೆ ಉರಿಯಲು ಬಿಟ್ಟು, ಪೂರ್ತಿ ಬೂದು ಬಣ್ಣದ ಚಿತ್ರ ಹಾಕಿ ಬ್ರೈಟ್‌ನೆಸ್ ಸರಿದೂಗಿಸಿ. ಬಿಳಿ ಚಿತ್ರದಲ್ಲಿ ವ್ಯತ್ಯಾಸ ಅಡಗಿಕೊಳ್ಳುತ್ತದೆ, ಬೂದು ಬಣ್ಣದಲ್ಲಿ ಸಿಕ್ಕಿಬೀಳುತ್ತದೆ.

ಇನ್ನು ಕಂಪ್ಯೂಟರಿಗೆ ಹೇಳಿಕೊಡುವುದು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 1, 2 ಅಂತ ಎರಡು ಚೌಕ ಕಾಣುತ್ತವೆ. ಎಕ್ಸ್‌ಟೆಂಡ್ ಆಯ್ಕೆ ಮಾಡಿ, ಚೌಕಗಳನ್ನು ಎಳೆದು ಮೇಜಿನ ಮೇಲಿರುವ ಹಾಗೇ ಕೂರಿಸಿ, ಮೇಲಂಚು ಒಂದೇ ಸಾಲಿಗೆ ಬರಲಿ. ಒಂದು ಚೂರು ಮೇಲೆ ಕೆಳಗಾದರೂ ರೈಲ್ವೆ ಹಳಿ ನಡುವೆ ಮೆಟ್ಟಿಲು ಹತ್ತುತ್ತದೆ. ಸ್ಕೇಲಿಂಗ್, ಅಂದರೆ ಅಕ್ಷರ, ಚಿತ್ರಗಳನ್ನು ದೊಡ್ಡದಾಗಿ ತೋರಿಸುವ ಪ್ರಮಾಣ, ಎರಡಕ್ಕೂ ಒಂದೇ ಇರಬೇಕು. ಒಂದು 100, ಇನ್ನೊಂದು 125 ಪರ್ಸೆಂಟ್ ಇದ್ದರೆ ಎರಡರ ಮೇಲೂ ಹರಡಿದ ವಿಂಡೋ ತನ್ನ ಅಳತೆಯನ್ನೇ ಬದಲಿಸಿಕೊಳ್ಳಬಹುದು.

ಸಂಖ್ಯೆ ಕೊಟ್ಟು ವಿಂಡೋ ಕೂರಿಸುವವರಿಗೆ ಒಂದು ಮಾತು. ವಿಂಡೋಸ್ ಲೆಕ್ಕದಲ್ಲಿ ಮುಖ್ಯ ಮಾನಿಟರಿನ ಎಡ ಮೇಲ್ಮೂಲೆಯೇ ಸೊನ್ನೆ. ನಿಮ್ಮ ಮುಖ್ಯ ಮಾನಿಟರ್ ಬಲಗಡೆಯದಾಗಿದ್ದರೆ, 1920 ಪಿಕ್ಸೆಲ್ ಅಗಲದ ಎಡಗಡೆಯದು ಮೈನಸ್ 1920ರಿಂದ ಶುರುವಾಗುತ್ತದೆ. ಇದು ಗೊತ್ತಿಲ್ಲದೆ ಸೊನ್ನೆ ಕೊಟ್ಟರೆ ಅರ್ಧ ಕಣಿವೆ ಬಲಗಡೆ ಕಾಣುತ್ತದೆ, ಉಳಿದರ್ಧ ಪರದೆಯಾಚೆ ಶೂನ್ಯಕ್ಕೆ ಹೋಗುತ್ತದೆ. ಎಡಗಡೆಯದನ್ನೇ ಮುಖ್ಯ ಮಾಡಿಕೊಳ್ಳುವುದು ಸುಲಭದ ಪರಿಹಾರ.

ಮ್ಯಾಕ್ ಇರುವವರು ಮಿಷನ್ ಕಂಟ್ರೋಲ್ ಸೆಟ್ಟಿಂಗಿಗೆ ಹೋಗಿ, ಪ್ರತಿ ಡಿಸ್‌ಪ್ಲೇಗೂ ಬೇರೆ ಸ್ಪೇಸ್ ಅನ್ನುವ ಆಯ್ಕೆಯನ್ನು ತೆಗೆದು, ಲಾಗ್ ಔಟ್ ಆಗಿ ಬರಬೇಕು. ಅದು ಆನ್ ಇರುವಷ್ಟು ಹೊತ್ತು ಒಂದು ವಿಂಡೋ ಎರಡು ಮಾನಿಟರಿನ ಮೇಲೆ ಹರಡುವುದಿಲ್ಲ. ಲಿನಕ್ಸಿನಲ್ಲಿ ವಿಂಡೋಗಳನ್ನು ಪರದೆಗೆ ತರುವ ವ್ಯವಸ್ಥೆ ವೇಲ್ಯಾಂಡ್ ಆಗಿದ್ದರೆ ಪ್ರೋಗ್ರಾಂ ತಾನೇ ತನ್ನ ವಿಂಡೋವನ್ನು ಬೇಕಾದ ಜಾಗದಲ್ಲಿ ಕೂರಿಸಲು ಆಗದು, ಕೈಯಿಂದಲೇ ಎಳೆಯಬೇಕು.

ದೃಶ್ಯಕ್ಕೆ ಕೈ ಹಾಕುವ ಮುಂಚೆ ಒಂದು ಸುಲಭದ ಪರೀಕ್ಷೆ ಮಾಡಿ. 3840 ಅಗಲ, 1080 ಎತ್ತರದ ಒಂದು ಚೌಕಳಿ ಚಿತ್ರ ಮಾಡಿ, ವಾಲ್‌ಪೇಪರ್ ಆಗಿ ಹಾಕಿ, ಸ್ಪ್ಯಾನ್ ಅಂತ ಆರಿಸಿ. ಅಡ್ಡ ಗೆರೆಗಳು ಎಡದಿಂದ ಬಲಕ್ಕೆ ನೇರ ಹರಿದರೆ ಎತ್ತರದ ಜೋಡಣೆ ಸರಿ ಇದೆ. ಹರಿಯದಿದ್ದರೆ ಮಾನಿಟರ್ ಸ್ಟ್ಯಾಂಡಿನ ಎತ್ತರ ನೋಡಿ. ನನ್ನದರ ಕೆಳಗೆ ಇವತ್ತಿಗೂ ಮಡಚಿದ ರಟ್ಟಿನ ತುಂಡು ಇದೆ.

ಈಗ ಟೇಪು. ನಾಲ್ಕು ಅಳತೆ ಸಾಕು. ಬೆಳಕು ಬರುವ ಭಾಗದ ಅಗಲ, ಅದರ ಎತ್ತರ, ನಡುವಿನ ಕಪ್ಪು ಪಟ್ಟಿ, ನಿಮ್ಮ ಕಣ್ಣಿನಿಂದ ಪರದೆಗೆ ದೂರ. ಕಪ್ಪು ಪಟ್ಟಿಯನ್ನು ಅಳೆಯುವಾಗ ಎರಡರಲ್ಲೂ ಪೂರ್ತಿ ಬಿಳಿ ಚಿತ್ರ ಹಾಕಿ, ಈ ಕಡೆಯ ಕೊನೆಯ ಬೆಳಕಿನಿಂದ ಆ ಕಡೆಯ ಮೊದಲ ಬೆಳಕಿನವರೆಗೆ ಅಳೆಯಿರಿ. ಅಂಚೇ ಇಲ್ಲ ಅಂತ ಮಾರುವ ಮಾನಿಟರಿನಲ್ಲೂ ಗಾಜಿನ ಒಳಗೆ ಉರಿಯದ ಒಂದು ಕಪ್ಪು ಗೆರೆ ಇರುತ್ತದೆ. ಪ್ಲಾಸ್ಟಿಕ್ ಮಾತ್ರ ಅಳೆದರೆ ಅದು ಲೆಕ್ಕದಿಂದ ತಪ್ಪಿಹೋಗುತ್ತದೆ.

ನನ್ನ ಅಳತೆಗಳು ಹೀಗಿವೆ: ಅಗಲ 53.1 ಸೆಂಟಿಮೀಟರ್, ಎತ್ತರ 29.9, ಕಪ್ಪು ಪಟ್ಟಿ 1.6, ಕಣ್ಣಿನ ದೂರ 60. 1920 ಪಿಕ್ಸೆಲ್ 53.1 ಸೆಂಟಿಮೀಟರಿನಲ್ಲಿ ಕೂತರೆ ಒಂದು ಸೆಂಟಿಮೀಟರಿಗೆ ಸುಮಾರು 36 ಪಿಕ್ಸೆಲ್. ಅಂದರೆ ಕಪ್ಪು ಪಟ್ಟಿಯ ಹಿಂದೆ 58 ಪಿಕ್ಸೆಲಿನಷ್ಟು ಕಣಿವೆ ಅಡಗಿರಬೇಕು. ಮಗಳ ಕಣ್ಣಿಗೆ ಬಿದ್ದದ್ದು ಈ 58 ಪಿಕ್ಸೆಲ್. ನಾನು ಅಡಗಿಸುವ ಬದಲು ರೈಲನ್ನು ಅಷ್ಟು ದೂರಕ್ಕೆ ಎಳೆದಿದ್ದೆ.

ದೃಶ್ಯವನ್ನು ನೋಡುವ ಯೂನಿಟಿಯೊಳಗಿನ ಕ್ಯಾಮೆರಾದ ಕೋನ, ಅಂದರೆ ಫೀಲ್ಡ್ ಆಫ್ ವ್ಯೂ, ಲೆಕ್ಕ ಹಾಕುವುದು ಕಷ್ಟವಲ್ಲ. ಪರದೆಯ ಅರ್ಧ ಅಳತೆಯನ್ನು ಕಣ್ಣಿನ ದೂರದಿಂದ ಭಾಗಿಸಿ, ಕ್ಯಾಲ್ಕ್ಯುಲೇಟರಿನಲ್ಲಿ ಟ್ಯಾನ್ ಇನ್ವರ್ಸ್ ಒತ್ತಿ, ಬಂದದ್ದನ್ನು ಎರಡರಿಂದ ಗುಣಿಸಿ. ಎತ್ತರಕ್ಕೆ 14.95 ಭಾಗಿಸು 60, ಉತ್ತರ 28 ಡಿಗ್ರಿ. ಒಂದು ಮಾನಿಟರಿನ ಅಗಲಕ್ಕೆ 26.55 ಭಾಗಿಸು 60, ಉತ್ತರ 47.7 ಡಿಗ್ರಿ. ಯೂನಿಟಿ ಎತ್ತರದ ಕೋನ ಕೇಳುತ್ತದೆ, ಅಂಥದ್ದೇ ಇನ್ನೊಂದು ತಂತ್ರಾಂಶವಾದ ಅನ್‌ರಿಯಲ್ ಅಗಲದ ಕೋನ ಕೇಳುತ್ತದೆ. ಒಂದಕ್ಕೆ ಕೊಡುವುದನ್ನು ಇನ್ನೊಂದಕ್ಕೆ ಕೊಟ್ಟು ಪೇಚಾಡಬೇಡಿ.

ಇಲ್ಲಿ ನೀವು ತೀರ್ಮಾನ ಮಾಡಬೇಕಾದದ್ದು ಒಂದಿದೆ. ಮಾನಿಟರ್‌ಗಳನ್ನು ಒಂದೇ ಸಪಾಟು ಗೋಡೆಯ ಹಾಗೆ ಇಡುತ್ತೀರೋ, ಪುಸ್ತಕ ತೆರೆದ ಹಾಗೆ ಒಳಕ್ಕೆ ವಾಲಿಸುತ್ತೀರೋ? ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಆಡುವವರಿಗೆ ವಾಲಿಸಿದ್ದೇ ಚೆಂದ, ಸುತ್ತ ಆವರಿಸಿದ ಹಾಗಿರುತ್ತದೆ. ನನ್ನಂಥ ಕಿಟಕಿ ದೃಶ್ಯಕ್ಕೆ ಸಪಾಟಾಗಿ ಇಡುವುದೇ ಮೇಲು. ತಪ್ಪುಗಳು ಕಡಿಮೆ, ತಪ್ಪಿದರೂ ಕಣ್ಣಿಗೆ ಅಷ್ಟು ಚುಚ್ಚುವುದಿಲ್ಲ.

ಸಪಾಟು ಜೋಡಣೆಗೆ ನನಗೆ ಹಿಡಿಸಿದ ದಾರಿ ಒಂದೇ ಕ್ಯಾಮೆರಾ. ಮಾನಿಟರ್ ಎರಡಿದ್ದರೂ ಕಣ್ಣು ಒಂದೇ ಅಲ್ವಾ? ಆ ಕ್ಯಾಮೆರಾ ನೇರವಾಗಿ ಪರದೆಗೆ ಬರೆಯುವ ಬದಲು 3898 ಅಗಲ, 1080 ಎತ್ತರದ ಒಂದು ರೆಂಡರ್ ಟೆಕ್ಸ್ಚರಿಗೆ, ಅಂದರೆ ಮೆಮೊರಿಯಲ್ಲೇ ಇರುವ ಚಿತ್ರಕ್ಕೆ, ಬರೆಯಲಿ. 1920, 58, ಮತ್ತೆ 1920 ಕೂಡಿದರೆ 3898. ಎತ್ತರದ ಕೋನ 28 ಡಿಗ್ರಿ ಇದ್ದರೆ ಅಗಲದ ಕೋನ ತಾನಾಗಿ 84ರ ಹತ್ತಿರ ಬರುತ್ತದೆ. ಆ ಚಿತ್ರದ ಎಡ ತುದಿಯ 1920 ಪಿಕ್ಸೆಲನ್ನು ಎಡ ಮಾನಿಟರಿಗೆ, ಬಲ ತುದಿಯ 1920 ಪಿಕ್ಸೆಲನ್ನು ಬಲ ಮಾನಿಟರಿಗೆ ಹಚ್ಚಿ. ಪೂರ್ತಿ ಅಗಲವನ್ನು 1 ಅಂದುಕೊಳ್ಳುವ ಟೆಕ್ಸ್ಚರ್ ಲೆಕ್ಕದಲ್ಲಿ ಎಡಕ್ಕೆ 0ಯಿಂದ 0.4926, ಬಲಕ್ಕೆ 0.5074ರಿಂದ 1. ನಡುವಿನ 58 ಪಿಕ್ಸೆಲ್ ಯಾರಿಗೂ ಕಾಣದೆ ಹೋಗುತ್ತವೆ. ಅಷ್ಟು ಕೆಲಸ ವ್ಯರ್ಥ ಅನ್ನಿಸಬಹುದು. ಆದರೆ ಆ ವ್ಯರ್ಥವೇ ರೈಲನ್ನು ಉಳಿಸುವುದು.

ಇದನ್ನು 3840 ಅಗಲದ ಅಂಚಿಲ್ಲದ ವಿಂಡೋ ಒಂದರಲ್ಲೇ ತೋರಿಸಬಹುದು. ಮಾಮೂಲಿ ಫುಲ್ ಸ್ಕ್ರೀನ್ ಮಾಡಿದರೆ ಅದು ಒಂದೇ ಮಾನಿಟರಿಗೆ ಅಂಟಿಕೊಳ್ಳುತ್ತದೆ, ಆದ್ದರಿಂದ ಅಂಚಿಲ್ಲದ ವಿಂಡೋ. ಅಥವಾ ಯೂನಿಟಿಗೆ ಎರಡನೇ ಡಿಸ್‌ಪ್ಲೇ ತೆರೆಯಲು ಹೇಳಬಹುದು. ಎರಡನೇ ದಾರಿ ಹಿಡಿದವರು ನೆನಪಿಡಿ, ಎಡಿಟರಿನಲ್ಲಿ ಪ್ಲೇ ಒತ್ತಿದರೆ ಎರಡನೇ ಮಾನಿಟರ್ ಬೆಳಗುವುದಿಲ್ಲ. ಬಿಲ್ಡ್ ಮಾಡಿ ಓಡಿಸಿದರೆ ಮಾತ್ರ ಬರುತ್ತದೆ. ಕೋಡ್ ತಪ್ಪಿರಬೇಕು ಅಂತ ನಾನು ಸುಮ್ನೆ ಎಷ್ಟೋ ಹೊತ್ತು ಹುಡುಕಿದ್ದೆ.

ಎಡವಿ ಬೀಳುವ ಇನ್ನೊಂದು ಹಳ್ಳ ಇದೆ. ಯೂನಿಟಿಯ ಹೊಸ ಕ್ಯಾಮೆರಾದ ಎತ್ತರದ ಕೋನ 60 ಡಿಗ್ರಿ ಇರುತ್ತದೆ. ಒಂದು ಮಾನಿಟರಿಗೆ ಅದು ಪರವಾಗಿಲ್ಲ. ಎರಡು ಮಾನಿಟರಿನ ಅಗಲಕ್ಕೆ ಹಾಗೇ ಬಿಟ್ಟರೆ ಅಗಲದ ಕೋನ 128 ಡಿಗ್ರಿ ಆಗುತ್ತದೆ. ಆಗ ಪರದೆಯ ತುದಿಯಲ್ಲಿರುವ ಚೆಂಡು ಎತ್ತರಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಅಗಲದ ಮೊಟ್ಟೆಯಾಗುತ್ತದೆ. ನನ್ನ ಎಂಜಿನ್ ಮೂಗು ಚಾಚಿಕೊಂಡು ಬಂದು, ನಡುವೆ ಗಿಡ್ಡವಾಗಿ, ಮತ್ತೆ ಬಾಲ ಚಾಚಿಕೊಂಡು ಹೋಗುತ್ತಿತ್ತು. ಆದರೆ ಲೆಕ್ಕದ 28 ಡಿಗ್ರಿ ಇಟ್ಟರೆ ದೂರದರ್ಶಕದಲ್ಲಿ ನೋಡಿದ ಹಾಗೆ ಇಕ್ಕಟ್ಟು ಅನ್ನಿಸುವುದೂ ನಿಜ. ಸಪಾಟು ಜೋಡಣೆಯಲ್ಲಿ ಸ್ವಲ್ಪ ಮೋಸ ಮಾಡಬಹುದು. ಕಣ್ಣಿನ ದೂರ 60ರ ಬದಲು 40 ಅಂತ ಹಾಕಿಕೊಳ್ಳಿ, ಎತ್ತರದ ಕೋನ 41 ಡಿಗ್ರಿ ಆಗುತ್ತದೆ. ನೇರ ಗೆರೆ ನೇರವಾಗೇ ಉಳಿಯುತ್ತದೆ, ತುದಿ ತುಸು ಹಿಗ್ಗುತ್ತದೆ. ನಾನು ಅಲ್ಲಿಗೇ ನಿಂತಿದ್ದೇನೆ.

ಕೆಲವು ಗ್ರಾಫಿಕ್ಸ್ ಕಾರ್ಡಿನ ಡ್ರೈವರಿನಲ್ಲೇ ಮಾನಿಟರ್‌ಗಳನ್ನು ಸೇರಿಸಿ ಒಂದು ಮಾಡುವ ಆಯ್ಕೆ ಇರುತ್ತದೆ, ಜೊತೆಗೆ ಬೆಜೆಲ್, ಅಂದರೆ ಈ ಕಪ್ಪು ಅಂಚು, ಸರಿಪಡಿಸುವ ಆಯ್ಕೆಯೂ ಇರುತ್ತದೆ. ನಿಮ್ಮದರಲ್ಲಿದ್ದರೆ ಅದನ್ನೇ ಬಳಸಿ. ಈ ಟೆಕ್ಸ್ಚರ್ ಕತ್ತರಿಸುವ ಕೆಲಸವನ್ನು ಅದೇ ಮಾಡಿಕೊಡುತ್ತದೆ.

ಆಯಾ ಕ್ಷಣದಲ್ಲೇ ತಯಾರಾಗುವ ದೃಶ್ಯ ಬೇಡ, ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶದಲ್ಲಿ ಮೊದಲೇ ಮಾಡಿಟ್ಟ ವಿಡಿಯೋ ಸಾಕು ಅನ್ನುವವರಿಗೆ ಲೆನ್ಸ್ ಶಿಫ್ಟ್ ಇದೆ, ಅಂದರೆ ಕ್ಯಾಮೆರಾ ನಿಂತಲ್ಲೇ ಇದ್ದು ಚಿತ್ರದ ಚೌಕಟ್ಟು ಮಾತ್ರ ಸರಿಯುವುದು. ಕ್ಯಾಮೆರಾವನ್ನು ಕದಲಿಸದೆ, ತಿರುಗಿಸದೆ, ಶಿಫ್ಟ್ ಎಕ್ಸ್ ಮಾತ್ರ ಮೈನಸ್ 0.515 ಮಾಡಿ ಎಡಗಡೆಯದನ್ನು ರೆಂಡರ್ ಮಾಡಿ, ಪ್ಲಸ್ 0.515 ಮಾಡಿ ಬಲಗಡೆಯದನ್ನು. ಈ 0.515 ಎಲ್ಲಿಂದ ಬಂತು? ಅರ್ಧ ಪರದೆ 26.55, ಅರ್ಧ ಪಟ್ಟಿ 0.8, ಕೂಡಿದರೆ 27.35. ಅದನ್ನು ಪೂರ್ತಿ ಅಗಲ 53.1ರಿಂದ ಭಾಗಿಸಿದ್ದು. ಪಟ್ಟಿಯೇ ಇಲ್ಲದಿದ್ದರೆ ಸರಿಯಾಗಿ 0.5 ಬರುತ್ತಿತ್ತು.

ಮಾನಿಟರ್ ವಾಲಿಸಿ ಇಡುವವರಿಗೆ ಎರಡು ಕ್ಯಾಮೆರಾ ಬೇಕೇ ಬೇಕು. ಎರಡು ಮಾನಿಟರಿನ ನಡುಭಾಗವೂ ನಿಮ್ಮ ಮುಖಕ್ಕೆ ನೇರವಾಗಿ ತಿರುಗಿರುವಂತೆ ಇಟ್ಟರೆ ಲೆಕ್ಕ ಸಲೀಸು. 27.35 ಭಾಗಿಸು 60, ಟ್ಯಾನ್ ಇನ್ವರ್ಸ್, 24.5 ಡಿಗ್ರಿ. ಎಡ ಕ್ಯಾಮೆರಾ ಎಡಕ್ಕೆ 24.5, ಬಲ ಕ್ಯಾಮೆರಾ ಬಲಕ್ಕೆ 24.5 ತಿರುಗಲಿ. ಪ್ರತಿಯೊಂದರ ಅಗಲದ ಕೋನ 47.7. ಎರಡು ಮಾನಿಟರಿನ ನಡುವೆ ನಿಮ್ಮ ಕಡೆಯ ಕೋನ 131 ಡಿಗ್ರಿ ಆಗುತ್ತದೆ, ರಟ್ಟಿನಲ್ಲಿ ಆ ಕೋನ ಕತ್ತರಿಸಿ ಮೇಜಿನ ಮೇಲೆ ಇಟ್ಟು ಸರಿಪಡಿಸಬಹುದು. ಎಕ್ಸ್-ಪ್ಲೇನ್ ಅನ್ನುವ ವಿಮಾನದ ಆಟ ಆಡುವವರಿಗೆ ಈ ಅಂಕಿಗಳು ನೇರವಾಗಿ ಉಪಯೋಗಕ್ಕೆ ಬರುತ್ತವೆ. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಪ್ರತಿ ಮಾನಿಟರಿಗೂ ಫೀಲ್ಡ್ ಆಫ್ ವ್ಯೂ ಮತ್ತು ಲ್ಯಾಟರಲ್ ಆಫ್‌ಸೆಟ್ ಅನ್ನುವ ಜಾಗ ಇದೆ. 47.7 ಮೊದಲನೆಯದಕ್ಕೆ, 24.5 ಮತ್ತು ಮೈನಸ್ 24.5 ಎರಡನೆಯದಕ್ಕೆ. ಈ ಜೋಡಣೆಯಲ್ಲಿ ದೂರವನ್ನು 40 ಅಂತ ಸುಳ್ಳು ಹೇಳುವ ಆಟ ನಡೆಯುವುದಿಲ್ಲ, ನೇರ ಗೆರೆ ಪಟ್ಟಿಯ ಹತ್ತಿರ ಮಡಚಿಕೊಳ್ಳುತ್ತದೆ.

ಎರಡು ಕ್ಯಾಮೆರಾ ಇಟ್ಟವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು, ಅವುಗಳನ್ನು ಪಕ್ಕಪಕ್ಕದ ಜಾಗದಲ್ಲಿ ನಿಲ್ಲಿಸುವುದು. ಮಾನಿಟರ್ ಪಕ್ಕಪಕ್ಕ ಇವೆಯಲ್ಲ, ಕ್ಯಾಮೆರಾವೂ ಹಾಗೇ ಇರಲಿ ಅನ್ನಿಸುತ್ತದೆ. ಬೇಡ. ಎರಡೂ ಒಂದೇ ಬಿಂದುವಿನಲ್ಲಿ, ಒಂದರೊಳಗೊಂದು ಕೂತಿರಬೇಕು. ಬೇರೆ ಬೇರೆ ಜಾಗದಲ್ಲಿದ್ದರೆ ದೂರದ ಬೆಟ್ಟ ಒಂದು ಥರ ಸೇರಿದರೆ ಹತ್ತಿರದ ಮರ ಇನ್ನೊಂದು ಥರ ತಪ್ಪುತ್ತದೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಹೀಗೆ ಆಗುತ್ತಿದ್ದರೆ ಬೇರೇನೂ ನೋಡಬೇಡಿ, ಮೊದಲು ಎರಡು ಕ್ಯಾಮೆರಾದ ಪೊಸಿಷನ್ ನೋಡಿ. ಒಂದು ಖಾಲಿ ವಸ್ತು ಇಟ್ಟು ಅದಕ್ಕೆ ಎರಡನ್ನೂ ಮಕ್ಕಳಾಗಿ ಸೇರಿಸಿ, ಅವುಗಳ ಸ್ಥಾನ ಮೂರು ಸೊನ್ನೆ ಮಾಡಿಬಿಟ್ಟರೆ ಮತ್ತೆ ತಪ್ಪುವುದಿಲ್ಲ.

ಸರಿಯಾಗಿದೆಯೋ ಇಲ್ಲವೋ ಅಂತ ಪರೀಕ್ಷಿಸಲು ಅಡ್ಡ ಗೆರೆಯನ್ನು ನಂಬಬೇಡಿ. ಕಪ್ಪು ಪಟ್ಟಿ ಎಷ್ಟೇ ಅಗಲ ಇದ್ದರೂ ರೈಲ್ವೆ ಹಳಿ ನೇರವಾಗೇ ಕಾಣುತ್ತದೆ. ಅದನ್ನು ನೋಡಿಯೇ ನಾನು ಎಲ್ಲ ಸರಿ ಇದೆ ಅಂದುಕೊಂಡಿದ್ದೆ. ಓರೆ ಗೆರೆ ಬೇಕು. ದೃಶ್ಯದೊಳಗಿನ ಸೇತುವೆಗೆ ಓರೆಯಾಗಿ ಒಂದು ಕೆಂಪು ಹಗ್ಗ ಕಟ್ಟಿ, ಎಡ ಮಾನಿಟರಿನ ಮೇಲ್ಮೂಲೆಯಿಂದ ಬಲ ಮಾನಿಟರಿನ ಕೆಳಮೂಲೆಗೆ ಬರಲಿ. ಈಗ ನಿಜವಾದ ಒಂದು ಉದ್ದ ಸ್ಕೇಲನ್ನೋ ಕೋಲನ್ನೋ ಪರದೆಯ ಮೇಲೆ ಹಗ್ಗದ ಗುಂಟ ಇಡಿ. ಎರಡೂ ಕಡೆ ಹಗ್ಗ ಕೋಲಿಗೆ ತಾಗಿದ್ದರೆ ಗೆದ್ದಿರಿ. ಬಲಗಡೆಯ ತುಂಡು ಕೋಲಿಗಿಂತ ಮೇಲಿದ್ದರೆ ಅಡಗಿಸಿದ್ದು ಸಾಲದು, ಕೆಳಗಿದ್ದರೆ ಜಾಸ್ತಿಯಾಯಿತು. ಪಟ್ಟಿಯ ಅಗಲವನ್ನು ಕೀಬೋರ್ಡಿನ ಎರಡು ಕೀಗೆ ಕಟ್ಟಿಕೊಂಡು, ಒತ್ತಿದಾಗೊಮ್ಮೆ ಒಂದು ಪಿಕ್ಸೆಲ್ ಹೆಚ್ಚು ಕಡಿಮೆ ಆಗುವಂತೆ ಮಾಡಿದರೆ ಓಡುತ್ತಿರುವಾಗಲೇ ಸರಿಪಡಿಸಬಹುದು. ನನ್ನ ಲೆಕ್ಕದ 58, ಕೋಲು ಇಟ್ಟು ನೋಡಿದಾಗ 60ಕ್ಕೆ ನಿಂತಿತು. ಟೇಪಿನಲ್ಲಿ ಅರ್ಧ ಮಿಲಿಮೀಟರ್ ಓದಲು ನನ್ನ ಕಣ್ಣಿಗೆ ಆಗಲಿಲ್ಲ ಅಂತ ಕಾಣುತ್ತದೆ. ವಾಲಿಸಿದ ಮಾನಿಟರಿಗೆ ಕೋಲು ಇಡಲು ಆಗುವುದಿಲ್ಲ. ಅಲ್ಲಿ ಒಂದು ಕಣ್ಣು ಮುಚ್ಚಿ, ಕೂತ ಜಾಗದಿಂದಲೇ ಕೈಯಲ್ಲಿ ದಾರ ಬಿಗಿಯಾಗಿ ಹಿಡಿದು ಹಗ್ಗದ ಜೊತೆ ಹೊಂದಿಸಿ ನೋಡಿ.

ಗೆರೆಗಳೆಲ್ಲ ಕೂಡಿದ ಮೇಲೂ ನಡುವೆ ಏನೋ ಒಡಕು ಕಾಣಿಸಿದರೆ ಅದು ಎಫೆಕ್ಟುಗಳ ಕೆಲಸ. ಎರಡು ಕ್ಯಾಮೆರಾ ಇದ್ದಾಗ ಆಟೋ ಎಕ್ಸ್‌ಪೋಶರ್ ಮೊದಲ ಕಳ್ಳ. ಎಡಗಡೆ ಸುರಂಗದ ಕತ್ತಲು, ಬಲಗಡೆ ಬಿಸಿಲು. ಪ್ರತಿ ಕ್ಯಾಮೆರಾವೂ ತನ್ನ ಪಾಲಿಗೆ ಬೆಳಕು ಸರಿಪಡಿಸಿಕೊಂಡು, ಒಂದೇ ಆಕಾಶ ಎರಡು ಬಣ್ಣವಾಗುತ್ತದೆ. ಅದನ್ನು ಆಫ್ ಮಾಡಿ, ಎಕ್ಸ್‌ಪೋಶರನ್ನು ಕೈಯಾರೆ ಒಂದು ಅಂಕಿಗೆ ಕಟ್ಟಿಹಾಕಿ. ವಿನ್ಯೆಟ್ ಪ್ರತಿ ಚಿತ್ರದ ಅಂಚನ್ನೂ ಕಪ್ಪಾಗಿಸುವುದರಿಂದ ನಡುವೆ ಒಂದು ನೆರಳಿನ ಪಟ್ಟೆ ಬೀಳುತ್ತದೆ, ಅದನ್ನೂ ತೆಗೆಯಿರಿ. ಬೆಳಕಿನ ಸುತ್ತ ಪ್ರಭೆ ಹರಡಿಸುವ ಬ್ಲೂಮ್ ಇದ್ದರೆ ಎಂಜಿನ್ ದೀಪದ ಹೊಳಪು ಪಟ್ಟಿಯ ಹತ್ತಿರ ಕತ್ತರಿಸಿದಂತೆ ನಿಲ್ಲುತ್ತದೆ. ಮಂಜು ಇನ್ನೂ ಚಾಲಾಕಿ. ಎಷ್ಟೋ ಕಡೆ ಮಂಜನ್ನು ಲೆಕ್ಕ ಹಾಕುವುದು ಕಣ್ಣಿನಿಂದ ಇರುವ ನಿಜವಾದ ದೂರದಿಂದಲ್ಲ, ಕ್ಯಾಮೆರಾ ಮುಖ ಮಾಡಿದ ದಿಕ್ಕಿನಲ್ಲಿ ಎಷ್ಟು ಆಳ ಅನ್ನುವುದರಿಂದ. ಬೇರೆ ಬೇರೆ ದಿಕ್ಕಿಗೆ ತಿರುಗಿದ ಎರಡು ಕ್ಯಾಮೆರಾಗಳಿಗೆ ಒಂದೇ ಬೆಟ್ಟದ ತುದಿ ಬೇರೆ ಬೇರೆ ಆಳದಲ್ಲಿದ್ದರೆ ಮಂಜಿನ ದಟ್ಟತೆ ಪಟ್ಟಿಯ ಹತ್ತಿರ ಹೊಂದುವುದಿಲ್ಲ. ಯಾವಾಗಲೂ ಕ್ಯಾಮೆರಾ ಕಡೆಗೇ ತಿರುಗಿ ನಿಲ್ಲುವ ಕಾಗದದಂಥ ಮರಗಳೂ ಇದೇ ಕಾರಣಕ್ಕೆ ಸೊಟ್ಟಗಾಗುತ್ತವೆ. ಒಂದೇ ಕ್ಯಾಮೆರಾದ ದಾರಿ ನನಗೆ ಹಿಡಿಸಿದ್ದು ಈ ಕಾರಣಕ್ಕೂ ಹೌದು, ಅಲ್ಲಿ ಇವು ಯಾವುವೂ ಹುಟ್ಟುವುದೇ ಇಲ್ಲ. ಪ್ರೊಸೆಸರಿಗೂ ಆರಾಮ. ಎರಡು ಕ್ಯಾಮೆರಾ ಅಂದರೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅನ್ನುವ ವಿಂಗಡಣೆ ಪ್ರತಿ ಫ್ರೇಮಿಗೂ ಎರಡೆರಡು ಸಲ ನಡೆಯಬೇಕು.

ಕೊನೆಯದು ಕುರ್ಚಿ. ಇಷ್ಟೆಲ್ಲ ಲೆಕ್ಕ ಹಾಕಿದ್ದು ಒಂದು ಕಣ್ಣಿಗೆ, ಒಂದು ಜಾಗಕ್ಕೆ. 1992ರಲ್ಲಿ ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದವರು ಗೋಡೆಗಳನ್ನೇ ಪರದೆ ಮಾಡಿದ ಕೇವ್ ಅನ್ನುವ ಕೋಣೆ ತೋರಿಸಿದ್ದರು. ಅಲ್ಲಿ ನೋಡುವವರ ತಲೆ ಎಲ್ಲಿದೆ ಅಂತ ಸದಾ ಅಳೆದು ಚಿತ್ರವನ್ನು ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದರು, ಮೂಲೆಗಳು ಕಾಣದಂತಾಗುತ್ತಿದ್ದುದು ಅದರಿಂದಲೇ. ನಮ್ಮ ಮೇಜಿಗೆ ಅಷ್ಟು ಬೇಡ. ನಾನು ಕುರ್ಚಿ ನಿಲ್ಲಬೇಕಾದ ಜಾಗಕ್ಕೆ ನೆಲದ ಮೇಲೆ ಬಣ್ಣದ ಟೇಪು ಅಂಟಿಸಿದ್ದೇನೆ, ಪಟ್ಟಿಗೆ ನೇರ ಎದುರು. ಮಗಳು ಕೂತರೆ ಅವಳ ಕಣ್ಣು ನನ್ನದಕ್ಕಿಂತ ಒಂದು ಗೇಣು ಕೆಳಗೆ. ಅದಕ್ಕೇ ಕಣ್ಣಿನ ಎತ್ತರಕ್ಕೆಂದು ಇನ್ನೆರಡು ಕೀ ಇಟ್ಟೆ, ಒತ್ತಿದರೆ ಕ್ಯಾಮೆರಾ ಇಳಿಯುತ್ತದೆ, ಲೆನ್ಸ್ ಶಿಫ್ಟ್ ಅಷ್ಟೇ ಮೇಲಕ್ಕೆ ಸರಿಯುತ್ತದೆ. ಅವಳು ಅದನ್ನು ಒತ್ತುತ್ತಾ ಒತ್ತುತ್ತಾ ಸೇತುವೆಯ ಕೆಳಗಿನ ಹೊಳೆಯವರೆಗೂ ಇಳಿಸಿಬಿಡುತ್ತಾಳೆ, ಆಮೇಲೆ ವಾಪಸ್ ತರುವ ಕೆಲಸ ನನ್ನದು.